ಪಾಳೆಯ ಬದಲಿಸಿದ ದಳಪತಿ

ಮಹಾಭಾರತವನ್ನು ಕೇಳಿ ಬೆಳೆದ ಕನ್ನಡಿಗರಲ್ಲಿ ಕರ್ಣನನ್ನು ಮೆಚ್ಚದವರು ವಿರಳ. ತಾನು ಪಾಂಡವರ ಅಣ್ಣನೆಂದು ತಿಳಿದ ಮೇಲೂ, ಅನ್ನವಿಟ್ಟ ಕೌರವನನ್ನು ಬಿಟ್ಟು ಬರಲೊಲ್ಲದ ಆತನ ನಿಷ್ಠೆಗೆ ನಾವು ತಲೆದೂಗುತ್ತೇವೆ. ರಾಮಾಯಣಕ್ಕೆ ಬಂದರೆ, ಒಡಹುಟ್ಟಿದವನನ್ನು ತೊರೆದು ರಾಮನ ಪಾಳೆಯವನ್ನು ಸೇರಿದ ವಿಭೀಷಣನಿಗೂ ಕೈಮುಗಿಯುತ್ತೇವೆ. ಆದರೆ ಮಗನಿಗೆ ಕರ್ಣನೆಂದು ಹೆಸರಿಡುವವರು ಉಂಟು. ವಿಭೀಷಣನೆಂದು ಹೆಸರಿಟ್ಟವರನ್ನು ನಾನಂತೂ ಕಂಡಿಲ್ಲ. ಬಿಟ್ಟುಹೋಗುವುದು ಸರಿಯೆಂದು ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪುವುದಿಲ್ಲ.

ಲಂಕೆಯಿಂದ ಲಂಡನ್ನಿಗೆ ಒಮ್ಮೆಲೇ ಜಿಗಿಯುತ್ತಿರುವುದಕ್ಕೆ ವಾಚಕರು ಕ್ಷಮಿಸಬೇಕು. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳನ್ನು ಇಂದು ನಮ್ಮ ಮನೆಗಳಲ್ಲಿಯೂ ರಾತ್ರಿ ನಿದ್ದೆಗೆಟ್ಟು ನೋಡುವವರಿದ್ದಾರೆ. ಸಂಘದ ಕಾರ್ಯಕ್ರಮಕ್ಕೆ ಬರುವ ಹುಡುಗರ ಬೆನ್ನ ಮೇಲೆ ಲಂಡನ್ ಕ್ಲಬ್ಬುಗಳ ಹೆಸರು ಕಾಣುತ್ತದೆ. ಅವರ ನಡುವೆ ಕುಳಿತು ಸೋಲ್ ಕ್ಯಾಂಬೆಲ್ ಎಂಬ ಹೆಸರನ್ನು ಒಮ್ಮೆ ಎತ್ತಿ ನೋಡಿ. ಒಬ್ಬ ‘ಮಹಾ ಆಟಗಾರ’ ಎನ್ನುತ್ತಾನೆ, ಇನ್ನೊಬ್ಬ ‘ದ್ರೋಹಿ’ ಎನ್ನುತ್ತಾನೆ. ಆ ಆಟಗಾರನು ಪಾಳೆಯ ಬದಲಿಸಿದುದು 2001ರಲ್ಲಿ. ಎರಡು ದಶಕಗಳು ಉರುಳಿದ ಮೇಲೂ ಆತನ ವಿಷಯದಲ್ಲಿ ಅಭಿಮಾನಿಗಳು ಒಮ್ಮತಕ್ಕೆ ಬಂದಿಲ್ಲ.

ಹಗೆತನದ ಹಿನ್ನೆಲೆ

ಲಂಡನ್ನಿನ ಉತ್ತರ ಭಾಗದಲ್ಲಿ, ಒಂದರಿಂದೊಂದಕ್ಕೆ ಸುಮಾರು ನಾಲ್ಕು ಮೈಲಿ ಅಂತರದಲ್ಲಿ, ಎರಡು ಹಳೆಯ ಕ್ಲಬ್ಬುಗಳಿವೆ. ಒಂದು ಟಾಟನ್‌ಹ್ಯಾಮ್ ಹಾಟ್‌ಸ್ಪರ್, ಇನ್ನೊಂದು ಆರ್ಸೆನಲ್. ಆರ್ಸೆನಲ್ ಮೊದಲಿಗೆ ಥೇಮ್ಸ್ ನದಿಯ ದಕ್ಷಿಣ ದಿಕ್ಕಿನದು. 1913ರಲ್ಲಿ ಅದು ತನ್ನ ಗಂಟುಮೂಟೆ ಕಟ್ಟಿಕೊಂಡು ಉತ್ತರದ ಹೈಬರಿಗೆ ಬಂದು ನೆಲೆಸಿತು. ಹೇಳದೆ ಕೇಳದೆ ಪಕ್ಕದ ಮನೆಗೆ ಬಂದ ಬಾಡಿಗೆದಾರನನ್ನು ಹಳಬರು ನೋಡುವ ಹಾಗೆ ಟಾಟನ್‌ಹ್ಯಾಮಿನವರು ಅದನ್ನು ನೋಡಿದರು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಈ ಅಸಮಾಧಾನಕ್ಕೆ ತುಪ್ಪ ಸುರಿದಂತಾಯಿತು. ಮೊದಲನೆಯ ವಿಭಾಗದ ತಂಡಗಳ ಸಂಖ್ಯೆಯನ್ನು 20ರಿಂದ 22ಕ್ಕೆ ಏರಿಸಿದಾಗ, ಯುದ್ಧಕ್ಕೆ ಮುಂಚಿನ ಪಟ್ಟಿಯಲ್ಲಿ ಕೊನೆಯವರಾಗಿದ್ದ ಟಾಟನ್‌ಹ್ಯಾಮಿನವರು ತಮ್ಮ ಸ್ಥಾನ ಉಳಿಯುವುದೆಂದು ನಂಬಿದ್ದರು. ಆದರೆ ಮತದಾನ ನಡೆದಾಗ ಆರ್ಸೆನಲ್ಲಿಗೆ 18 ಮತಗಳೂ ಟಾಟನ್‌ಹ್ಯಾಮಿಗೆ 8 ಮತಗಳೂ ಬಂದವು. ಎರಡನೆಯ ವಿಭಾಗದಲ್ಲಿ ಮೊದಲ ಎರಡು ಸ್ಥಾನಗಳಲ್ಲಿ ಒಂದನ್ನೂ ಪಡೆಯದಿದ್ದ ಆರ್ಸೆನಲ್ ಮೇಲೇರಿತು, ಟಾಟನ್‌ಹ್ಯಾಮ್ ಕೆಳಗಿಳಿಯಿತು. ಅಂದಿನ ಗಾಯವನ್ನು ಅಜ್ಜ ಮೊಮ್ಮಗನಿಗೆ ಹೇಳಿಯೇ ಸಾಯುತ್ತಾನೆ. ಇಂಥ ನೆರೆಹೊರೆಯ ನಡುವೆ ಆಟಗಾರನೊಬ್ಬನು ಈ ಮನೆಯಿಂದ ಆ ಮನೆಗೆ ಹೋಗುವುದೆಂದರೆ ಸಾಮಾನ್ಯ ಮಾತಲ್ಲ.

ಮನೆಯ ಮಗ

ಕ್ಯಾಂಬೆಲ್ಲನು 1974ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಹುಟ್ಟಿದವನು. ಹುಡುಗನಾಗಿರುವಾಗಲೇ ಟಾಟನ್‌ಹ್ಯಾಮಿನ ಗರಡಿಯನ್ನು ಸೇರಿ, 1992ರ ಡಿಸೆಂಬರಿನಲ್ಲಿ ಚೆಲ್ಸಿಯ ವಿರುದ್ಧ ಬದಲಿ ಆಟಗಾರನಾಗಿ ಕಣಕ್ಕಿಳಿದು, ಮೊದಲ ಪಂದ್ಯದಲ್ಲಿಯೇ ಗೋಲು ಹೊಡೆದನು. ಆತನ ನಿಜವಾದ ಕಸುಬು ಮಾತ್ರ ಗೋಲು ಹೊಡೆಯುವುದಲ್ಲ, ತಡೆಯುವುದು. ಎತ್ತರದ ಆಳು, ಕಂಬದಂಥ ದೇಹ. ಆದರೂ ಓಟದಲ್ಲಿ ಮುಂದಾಳುಗಳಿಗೆ ಬಿಟ್ಟುಕೊಡುತ್ತಿರಲಿಲ್ಲ. ಎದುರಾಳಿಯು ಚೆಂಡಿನೊಡನೆ ನುಗ್ಗಿ ಬಂದಾಗ ಅವಸರಪಡದೆ, ಆತನನ್ನು ಗೋಲಿನಿಂದ ಬದಿಗೆ ಸರಿಸುತ್ತ ಸರಿಸುತ್ತ, ಸಮಯ ನೋಡಿ ಕಾಲು ಚಾಚಿ ಚೆಂಡನ್ನು ಕಸಿದುಕೊಳ್ಳುವುದು ಆತನ ರೀತಿ. ಸೆಂಟರ್ ಬ್ಯಾಕಿನ ಕೆಲಸ ನಮ್ಮ ಕಚೇರಿಯ ದಫ್ತರದವನ ಕೆಲಸವಿದ್ದಂತೆ. ಸರಿಯಾಗಿ ನಡೆಯುತ್ತಿರುವಷ್ಟು ಕಾಲ ಯಾರ ಕಣ್ಣಿಗೂ ಬೀಳದು. ಒಂದು ದಿನ ತಪ್ಪಿದರೆ ಊರಿಗೆಲ್ಲ ಗೊತ್ತು. ಅಂಥ ಜಾಗದಲ್ಲಿ ನಿಂತೂ ಈತ ಎಲ್ಲರ ಕಣ್ಣಿಗೆ ಬಿದ್ದನು.

ಆತನು ತಂಡದ ನಾಯಕನಾದನು. 1999ರ ಲೀಗ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಲೆಸ್ಟರ್ ಸಿಟಿಯನ್ನು 1-0ರಿಂದ ಸೋಲಿಸಿದಾಗ ಕಪ್ಪನ್ನು ಮೇಲೆತ್ತಿದವನು ಕ್ಯಾಂಬೆಲ್ಲನೇ. ವಿನೋದವೆಂದರೆ, ಆಗ ಟಾಟನ್‌ಹ್ಯಾಮಿನ ವ್ಯವಸ್ಥಾಪಕನಾಗಿದ್ದ ಜಾರ್ಜ್ ಗ್ರೇಹ್ಯಾಮನು ಆರ್ಸೆನಲ್ಲಿನ ಹಳೆಯ ಹುಲಿ. ಅಲ್ಲಿ ಆಡಿ, ಅಲ್ಲಿಯೇ 1986ರಿಂದ 1995ರವರೆಗೆ ವ್ಯವಸ್ಥಾಪಕನಾಗಿದ್ದವನು. ಆ ಕಡೆಯಿಂದ ಬಂದವನು ಕಪ್ಪು ತಂದುಕೊಟ್ಟಾಗ ಟಾಟನ್‌ಹ್ಯಾಮಿನವರು ಅದನ್ನು ಬೇಡವೆನ್ನಲಿಲ್ಲ.

2001ರ ಬೇಸಿಗೆ

2001ರ ಬೇಸಿಗೆಗೆ ಕ್ಯಾಂಬೆಲ್ಲನ ಕರಾರು ಮುಗಿಯುವುದಿತ್ತು. ಆತನಿಗೆ ಆಗ 26 ವರ್ಷ, ಆಟಗಾರನಿಗೆ ಕಸುವು ತುಂಬಿದ ಪ್ರಾಯ. ಆ ವರ್ಷ ಆರ್ಸೆನಲ್ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿದ್ದರೆ, ಟಾಟನ್‌ಹ್ಯಾಮಿಗೆ ದೊರೆತುದು 12ನೆಯ ಸ್ಥಾನ. ಸಂಬಳ ಹೆಚ್ಚಿಸಿ ಉಳಿಸಿಕೊಳ್ಳಲು ಕ್ಲಬ್ಬು ಯತ್ನಿಸಿತು. ವಿದೇಶದ ದೊಡ್ಡ ಕ್ಲಬ್ಬುಗಳ ಹೆಸರುಗಳು ಪತ್ರಿಕೆಗಳಲ್ಲಿ ತೇಲಿಬಂದವು. ಜುಲೈ 3ರಂದು ಆರ್ಸೆನಲ್ಲಿನವರು ಪತ್ರಿಕಾಗೋಷ್ಠಿ ಕರೆದರು. ಹೊಸ ಗೋಲ್‌ಕೀಪರನೊಬ್ಬನನ್ನು ಪರಿಚಯಿಸುತ್ತಾರೆಂದು ಹೋಗಿದ್ದ ವರದಿಗಾರರ ಎದುರಿಗೆ ಬಂದು ಕುಳಿತವನು ಸೋಲ್ ಕ್ಯಾಂಬೆಲ್!

ಟಾಟನ್‌ಹ್ಯಾಮಿಗೆ ಒಂದು ಪೌಂಡೂ ದಕ್ಕಲಿಲ್ಲ. ಕಾರಣ, ಬೆಲ್ಜಿಯಮಿನ ಬಾಸ್ಮನ್ ಎಂಬ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವು 1995ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು. ಆ ತೀರ್ಪಿನ ಬಳಿಕ, ಕರಾರು ಮುಗಿದ ಆಟಗಾರನು ಸ್ವತಂತ್ರನು. ಹಳೆಯ ಕ್ಲಬ್ಬಿಗೆ ಹಣ ಕಟ್ಟದೆ ಹೊಸ ಕ್ಲಬ್ಬನ್ನು ಸೇರಬಹುದು. ಇದೇ ಕ್ಯಾಂಬೆಲ್ಲನಂಥ ರಕ್ಷಣೆಯ ಆಟಗಾರ ರಿಯೋ ಫರ್ಡಿನೆಂಡನಿಗೆ 2000ದ ನವೆಂಬರಿನಲ್ಲಿ ಲೀಡ್ಸ್ ಕ್ಲಬ್ಬು 180 ಲಕ್ಷ ಪೌಂಡ್ ತೆತ್ತಿತ್ತು. ಟಾಟನ್‌ಹ್ಯಾಮಿನವರ ಹೊಟ್ಟೆಯುರಿಯ ಲೆಕ್ಕವನ್ನು ಇದರಿಂದ ಊಹಿಸಬಹುದು.

ನವೆಂಬರಿನಲ್ಲಿ ಆತನು ಕೆಂಪು ಅಂಗಿ ತೊಟ್ಟು ತನ್ನ ಹಳೆಯ ಮೈದಾನಕ್ಕೆ ಕಾಲಿಟ್ಟಾಗ ಕಂಡುದು ‘ಜುದಾಸ್’ ಎಂದು ಬರೆದ ಫಲಕಗಳು, ಬಲೂನುಗಳು. ಜುದಾಸನೆಂದರೆ ಮೂವತ್ತು ಬೆಳ್ಳಿಯ ನಾಣ್ಯಗಳಿಗಾಗಿ ಏಸುವನ್ನು ಹಿಡಿದುಕೊಟ್ಟ ಶಿಷ್ಯ. ಪಂದ್ಯ 1-1ರಲ್ಲಿ ಮುಗಿಯಿತು. ಕೂಗು ಮಾತ್ರ ಮುಗಿಯಲಿಲ್ಲ.

ಎರಡು ಪಕ್ಷಗಳ ವಾದ

ಟಾಟನ್‌ಹ್ಯಾಮಿನ ಅಭಿಮಾನಿಯ ವಾದ ಹೀಗಿದೆ: “ಹೋಗಬೇಡವೆಂದು ನಾವು ಹೇಳಲಿಲ್ಲ. ಇಟಲಿಗೆ ಹೋಗಬಹುದಿತ್ತು, ಸ್ಪೇನಿಗೆ ಹೋಗಬಹುದಿತ್ತು. ಆರ್ಸೆನಲ್ಲಿಗೆ ಹೋಗಬೇಕಿತ್ತೆ? ಹೋಗುವುದೇ ಆದರೆ ಒಂದು ವರ್ಷ ಮೊದಲೇ ಹೇಳಿದ್ದರೆ ಕ್ಲಬ್ಬಿಗೆ ನಾಲ್ಕು ಕಾಸಾದರೂ ಬರುತ್ತಿತ್ತು. ನಾಯಕನಾಗಿ, ಉಳಿಯುತ್ತೇನೆಂಬ ಭರವಸೆ ಹುಟ್ಟಿಸಿ, ಕೊನೆಯ ಗಳಿಗೆಯಲ್ಲಿ ಕೈಕೊಟ್ಟನು.”

ಆರ್ಸೆನಲ್ಲಿನವನ ವಾದಕ್ಕೆ ಅಂಕಿಗಳೇ ಸಾಕ್ಷಿ. ಬಂದ ಮೊದಲ ವರ್ಷದಲ್ಲಿಯೇ, 2002ರಲ್ಲಿ, ಲೀಗು ಮತ್ತು ಎಫ್.ಎ. ಕಪ್ಪು ಎರಡೂ ದೊರೆತವು. ಸೋಲ್ ಎಂಬ ಹೆಸರು ನಮ್ಮ ಕಿವಿಗೆ ಪರಾಭವದಂತೆ ಕೇಳಿಸುತ್ತದೆ. ಆದರೆ 2003-04ರಲ್ಲಿ ಆತನಿದ್ದ ತಂಡವು ಲೀಗಿನ 38 ಪಂದ್ಯಗಳಲ್ಲಿ 26ನ್ನು ಗೆದ್ದು, 12ನ್ನು ಸಮ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲ! ಅದಕ್ಕಿಂತ ಕಟುವಾದ ಸಂಗತಿಯೆಂದರೆ, 2004ರ ಏಪ್ರಿಲ್ 25ರಂದು ಆರ್ಸೆನಲ್ ಲೀಗ್ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡುದು ಟಾಟನ್‌ಹ್ಯಾಮಿನ ಅಂಗಳದಲ್ಲಿಯೇ, 2-2ರ ಸಮದೊಂದಿಗೆ. 2006ರಲ್ಲಿ ಪ್ಯಾರಿಸಿನಲ್ಲಿ ನಡೆದ ಯುರೋಪಿನ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯದಲ್ಲಿ, ಹತ್ತೇ ಜನ ಉಳಿದಿದ್ದ ತಂಡಕ್ಕೆ ತಲೆಯಿಂದ ಚೆಂಡು ಹೊಡೆದು ಮುನ್ನಡೆ ತಂದುಕೊಟ್ಟವನು ಈತನೇ. ಕೊನೆಗೆ ಬಾರ್ಸಿಲೋನಾ 2-1ರಿಂದ ಗೆದ್ದಿತೆಂಬುದು ಬೇರೆ ಮಾತು.

ಆದರೂ ಆರ್ಸೆನಲ್ಲಿನವರೆಲ್ಲ ಒಂದೇ ಮಾತಿನವರೆಂದು ತಿಳಿಯಬಾರದು. ಅದೇ 2006ರ ಫೆಬ್ರವರಿಯಲ್ಲಿ ವೆಸ್ಟ್ ಹ್ಯಾಮ್ ವಿರುದ್ಧದ ಪಂದ್ಯದಲ್ಲಿ ಆತನ ಆಟ ಹದಗೆಟ್ಟಿತು. ವಿರಾಮದ ಬಳಿಕ ಆತನು ಕಣಕ್ಕೆ ಮರಳದೆ ಮೈದಾನದಿಂದಲೇ ಹೊರಟುಹೋದನು. ಮನಸ್ಸಿನ ಭಾರ ತಡೆಯದೆ ಹೋದನೆಂದು ಮರುಗಿದವರು ಕೆಲವರು. ಜೊತೆಗಾರರನ್ನು ನಡುದಾರಿಯಲ್ಲಿ ಬಿಟ್ಟನೆಂದು ಮುನಿದವರು ಕೆಲವರು. ಆ ಬೇಸಿಗೆಯಲ್ಲಿ ಆತನು ಪೋರ್ಟ್ಸ್‌ಮತ್ ಕ್ಲಬ್ಬನ್ನು ಸೇರಿ, 2008ರಲ್ಲಿ ಅದರ ನಾಯಕನಾಗಿ ಎಫ್.ಎ. ಕಪ್ಪನ್ನು ಎತ್ತಿದನು. 2010ರಲ್ಲಿ ಕೆಲವು ತಿಂಗಳು ಮತ್ತೆ ಆರ್ಸೆನಲ್ಲಿಗೆ ಬಂದು ಆಡಿದನು. ಇಂಗ್ಲೆಂಡಿನ ಪರವಾಗಿ ಆಡಿದ ಪಂದ್ಯಗಳು 73. ಹೋದ ವಿಶ್ವಕಪ್ಪುಗಳು ಮೂರು.

ತೂಗಿ ನೋಡಿದರೆ

ಈ ವಿಚಾರದಲ್ಲಿ ಮರೆಯಬಾರದ ಇನ್ನೊಬ್ಬನಿದ್ದಾನೆ. ಪ್ಯಾಟ್ ಜೆನಿಂಗ್ಸ್ ಎಂಬ ಗೋಲ್‌ಕೀಪರನು 1964ರಿಂದ 1977ರವರೆಗೆ ಟಾಟನ್‌ಹ್ಯಾಮಿನಲ್ಲಿದ್ದು, ಬಳಿಕ ಇದೇ ಆರ್ಸೆನಲ್ಲಿಗೆ ಹೋದನು. 1979ರಲ್ಲಿ ಅಲ್ಲಿ ಎಫ್.ಎ. ಕಪ್ಪನ್ನೂ ಗೆದ್ದನು. ಆದರೆ ಆತನನ್ನು ಎರಡೂ ಕಡೆಯವರು ಪ್ರೀತಿಸುತ್ತಾರೆ. ದಾರಿ ಒಂದೇ, ನಾಲ್ಕು ಮೈಲಿ. ಮತ್ತೇಕೆ ಈ ಭೇದ? ಜೆನಿಂಗ್ಸನನ್ನು ಕ್ಲಬ್ಬೇ ‘ವಯಸ್ಸಾಯಿತು’ ಎಂದು 45,000 ಪೌಂಡಿಗೆ ಮಾರಿತ್ತು. ಕ್ಯಾಂಬೆಲ್ಲನು ತಾನಾಗಿ ಹೋದನು. ಧಣಿಯು ಆಳನ್ನು ಬಿಟ್ಟರೆ ಅದು ವ್ಯವಹಾರ. ಆಳು ಧಣಿಯನ್ನು ಬಿಟ್ಟರೆ ದ್ರೋಹ. ಈ ನ್ಯಾಯ ಗುಮಾಸ್ತಿಕೆ ಮಾಡುವ ನನ್ನಂಥವನಿಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು.

ಆ ದೇಶದ ಆಟಗಾರರ ಚರಿತ್ರೆಯನ್ನು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1961ರವರೆಗೆ ಇಂಗ್ಲೆಂಡಿನ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಕರಾರು ಮುಗಿದರೂ ಕ್ಲಬ್ಬು ಬಿಡದಿದ್ದರೆ ಆತನು ಬೇರೆಡೆ ಆಡುವಂತಿರಲಿಲ್ಲ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರನು ನ್ಯೂಕ್ಯಾಸಲ್ ಕ್ಲಬ್ಬಿನ ಮೇಲೆ ಹೂಡಿದ ದಾವೆಯಲ್ಲಿ, 1963ರಲ್ಲಿ, ಈ ಪದ್ಧತಿ ನ್ಯಾಯವಲ್ಲವೆಂದು ತೀರ್ಪಾಯಿತು. ಇಷ್ಟೆಲ್ಲ ಜನ ಹೋರಾಡಿ ಪಡೆದ ಹಕ್ಕನ್ನು ಕ್ಯಾಂಬೆಲ್ಲನು ಬಳಸಿದನು. ಅಲ್ಲದೆ, ಆಟಗಾರನಿಗೆ ಕೆಲಸವಿರುವುದು 35ರ ಆಸುಪಾಸಿನವರೆಗೆ. ಆ ಪ್ರಾಯದಲ್ಲಿ ನಮ್ಮ ಕಚೇರಿಗಳಲ್ಲಿ ಮೊದಲ ಬಡ್ತಿಯ ಕಡತವೇ ಮೇಜಿನಿಂದ ಮೇಜಿಗೆ ತಿರುಗುತ್ತಿರುತ್ತದೆ!

ಹಾಗೆಂದು ಅಭಿಮಾನಿಯ ನೋವನ್ನು ತಳ್ಳಿಹಾಕಲಾಗದು. ಮುಂಬಯಿಯಲ್ಲಿರುವ ನಮ್ಮ ಕರಾವಳಿಯ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪತ್ತನಾಜೆ ಕಳೆದ ಮೇಲೆ ಯಾವ ವೇಷಧಾರಿ ಯಾವ ಮೇಳಕ್ಕೆ ಎಂಬ ಚರ್ಚೆ ಅವರಲ್ಲಿ ಊಟ ಮರೆಸುತ್ತದೆ. ಮೆಚ್ಚಿನ ಭಾಗವತರು ಮೇಳ ಬಿಟ್ಟರೆಂದು ಆ ಮೇಳದ ಆಟವನ್ನೇ ನೋಡದವರಿದ್ದಾರೆ. ಕಲ್ಕತ್ತೆಯಲ್ಲಿ ಹಿಂದೆ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಕ್ಲಬ್ಬುಗಳವರು ಆಟಗಾರರನ್ನು ಎದುರಾಳಿಗಳ ಕೈಗೆ ಸಿಗದಂತೆ ಬಚ್ಚಿಡುತ್ತಿದ್ದರು. ಹಾಗಿದ್ದರೂ, ಮೋಹನ್ ಬಗಾನಿನ ರಕ್ಷಣೆಯಲ್ಲಿ 1942ರಿಂದ 1960ರವರೆಗೆ ಒಂದೇ ಕಡೆ ನಿಂತ ಶೈಲೇನ್ ಮನ್ನಾರ ಹೆಸರನ್ನು ಆ ಊರು ಗೌರವದಿಂದ ನೆನೆಯುತ್ತದೆ. ಆಟಗಾರನು ಕ್ಲಬ್ಬನ್ನು ಬದಲಿಸಬಲ್ಲ, ಅಭಿಮಾನಿಯು ಬದಲಿಸಲಾರ. ಆತನಿಗೆ ಅದು ಅಪ್ಪನಿಂದ ಬಂದದ್ದು. ಸಂಬಳವಿಲ್ಲದೆ, ಕರಾರಿಲ್ಲದೆ, ಕೈಯಿಂದ ಹಣ ಕೊಟ್ಟು ನಿಷ್ಠೆ ಸಲ್ಲಿಸುವವನಿಗೆ, ಸಂಬಳ ಪಡೆಯುವವನೂ ತನ್ನಂತೆಯೇ ಇರಬೇಕೆನಿಸುವುದು ಸಹಜ.

ಆದರೆ ನೋವಿಗೂ ಒಂದು ಎಲ್ಲೆ ಬೇಡವೆ? 2008ರ ಸೆಪ್ಟೆಂಬರಿನಲ್ಲಿ, ಪೋರ್ಟ್ಸ್‌ಮತ್ ಮೈದಾನದಲ್ಲಿ, ಟಾಟನ್‌ಹ್ಯಾಮಿನ ಕೆಲವು ಬೆಂಬಲಿಗರು ಆತನನ್ನು ಕುರಿತು ಕೂಗಿದ ಹೀನ ಮಾತುಗಳನ್ನು ಕುಟುಂಬದವರೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಅವರಲ್ಲಿ ಕೆಲವರು ನ್ಯಾಯಾಲಯದ ಕಟಕಟೆಯನ್ನು ಹತ್ತಬೇಕಾಯಿತು. ಆತನು ಬಿಟ್ಟುಹೋಗಿ ಆಗಲೇ ಏಳು ವರ್ಷಗಳಾಗಿದ್ದವು. ಒಬ್ಬ ಮನುಷ್ಯನು ಕೆಲಸ ಬದಲಿಸಿದುದಕ್ಕೆ ಇಷ್ಟು ಶಿಕ್ಷೆಯೇ? ಕ್ಲಬ್ಬಿನ ಮೇಲಿನ ಪ್ರೀತಿ ಇಂಥ ಮಾತುಗಳನ್ನು ಆಡಿಸುವುದಾದರೆ ಅದನ್ನು ಪ್ರೀತಿಯೆಂದು ಕರೆಯುವುದು ಹೇಗೆ?

ನನ್ನ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಹೋಗುವ ಹಕ್ಕು ಕ್ಯಾಂಬೆಲ್ಲನಿಗೆ ಪೂರ್ಣವಾಗಿ ಇತ್ತು. ಹೋಗುವ ರೀತಿಯಲ್ಲಿ ಮಾತ್ರ, ತನ್ನನ್ನು ಬೆಳೆಸಿದವರಿಗೆ ಮುಂಚಿತವಾಗಿ ಒಂದು ಮಾತು ಹೇಳುವ ಋಣ ಇತ್ತು. ಆ ಋಣ ತೀರಲಿಲ್ಲವೆಂಬ ಟಾಟನ್‌ಹ್ಯಾಮಿನವರ ದೂರಿನಲ್ಲಿ ಹುರುಳಿದೆ. ಅವರ ಕಡೆಯಲ್ಲಿಯೂ ಒಂದು ಋಣ ಉಳಿದಿದೆ. ಒಂಬತ್ತು ಋತುಗಳಲ್ಲಿ 300ಕ್ಕೂ ಹೆಚ್ಚು ಪಂದ್ಯಗಳನ್ನು ಆತನು ಅವರಿಗಾಗಿ ಆಡಿದನು. 1999ರ ಆ ಕಪ್ಪನ್ನು ಗೆದ್ದುಕೊಂಡವರ ಮುಂದಾಳು ಯಾರೆಂದು ಕೇಳಿದರೆ, ಕಹಿಯಾದರೂ ಒಂದೇ ಉತ್ತರವಿದೆ. ಎಷ್ಟು ಬಲೂನು ಹಾರಿಸಿದರೂ ಆ ದಿನದ ಚಿತ್ರದಿಂದ ಆತನನ್ನು ತೆಗೆಯಲು ಬಾರದು.

ಮುಂದಿನ ಸಲ ನಿಮ್ಮ ಮನೆಯ ಹುಡುಗರು ಈ ವಿಷಯವಾಗಿ ಜಗಳಕ್ಕೆ ನಿಂತರೆ, ಬೈದು ಸುಮ್ಮನಾಗಿಸಬೇಡಿ. ಪಕ್ಕದಲ್ಲಿ ಕುಳಿತು, ಕರ್ಣ ಮತ್ತು ವಿಭೀಷಣರಲ್ಲಿ ನಿನಗೆ ಯಾರು ಹೆಚ್ಚು ಎಂದು ಕೇಳಿ ನೋಡಿ. ಅವರು ಕೊಡುವ ಉತ್ತರವನ್ನು ಪತ್ರಿಕೆಗೆ ಬರೆದು ಕಳುಹಿಸಿದರೆ ನಾವೆಲ್ಲರೂ ಓದಬಹುದು.