ಹಿಮದಲ್ಲಿ ಬಿದ್ದವನಿಗೆ ಮುದ್ದೆ ಸಿಕ್ಕಿತು

ಕೋಲ್ಕತ್ತದ ಬಿಬಿಡಿ ಬಾಗ್‌ನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಮಧ್ಯಾಹ್ನದ ಊಟವೆಂದರೆ ಡೆಕರ್ಸ್ ಲೇನ್. ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳವರೆಲ್ಲ ಆ ಓಣಿಗೆ ಬಂದು ಚಿಕನ್ ಸ್ಟ್ಯೂನಲ್ಲಿ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ನಾನು ರಜೆಯ ಮಾತೆತ್ತಿದ್ದು ಅಲ್ಲೇ. ‘ದೀಪುದಾಗೆ ತಾನೆ?’ ಎಂದರು ಹಿರಿಯ ಸಹೋದ್ಯೋಗಿ. ದೀಪುದಾ ಯಾವ ಅಣ್ಣನ ಹೆಸರೂ ಅಲ್ಲ. ದೀಘಾ, ಪುರಿ, ಡಾರ್ಜಿಲಿಂಗ್. ಬಂಗಾಳಿಗಳ ರಜೆ ಈ ಮೂರರಲ್ಲೇ ಮುಗಿಯುತ್ತದೆ ಎನ್ನುವುದು ಅವರೇ ಮಾಡಿಕೊಳ್ಳುವ ತಮಾಷೆ.

‘ಇಲ್ಲ ದಾದಾ, ಔಲಿಗೆ. ಸ್ನೋಬೋರ್ಡಿಂಗ್ ಕಲಿಯೋಕೆ’ ಎಂದೆ. ಮರುದಿನ ಅವರು ಮನೆಯಿಂದ ತಮ್ಮ ಮಂಕಿ ಕ್ಯಾಪ್ ತಂದು ಕೈಗಿಟ್ಟರು.

ಈ ಹುಚ್ಚು ಹತ್ತಿಸಿದ್ದು ಎಂಟೆಕ್ ಗೆಳೆಯ. ಅವನು ಜಪಾನಿನ ನಾಗಾನೊ ಬೆಟ್ಟಗಳಲ್ಲಿ ಸ್ನೋಬೋರ್ಡ್ ಕಲಿತು ಬಂದಿದ್ದ. ಆ ಆಟ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ್ದು 1998ರಲ್ಲಿ, ಅದೇ ನಾಗಾನೊದಲ್ಲಿ. ಆದರೆ ಫೋನಿನಲ್ಲಿ ಅವನು ಹೆಚ್ಚು ಹೊತ್ತು ಮಾತಾಡಿದ್ದು ಸೋಬಾ ಬಗ್ಗೆ. ಭತ್ತ ಸರಿಯಾಗಿ ಬಾರದ ಎತ್ತರದ ತಣ್ಣನೆ ನೆಲದಲ್ಲಿ ಬೆಳೆಯುವ ಬಕ್‌ವೀಟ್ ಹಿಟ್ಟಿನ ಶಾವಿಗೆ ಅದು. ‘ಬೆಟ್ಟಕ್ಕೆ ಹೋದರೆ ಬೆಟ್ಟದವರು ಏನು ತಿಂತಾರೆ ಅಂತ ಕೇಳಿ ತಿನ್ನು’ ಎಂದಿದ್ದ. ಜಪಾನಿನ ಖರ್ಚು ನನ್ನ ಜೇಬಿಗೆ ಒಗ್ಗಲಿಲ್ಲ. ಸಲಹೆ ಒಗ್ಗಿತು.

ಆಫೀಸಿನ ಪಕ್ಕದ ಮಹಾಕರಣ್ ಸ್ಟೇಷನ್ನಿನಲ್ಲಿ ಹೂಗ್ಲಿ ನದಿಯಡಿ ಓಡುವ ಮೆಟ್ರೊ ಹತ್ತಿ ಹೌರಾಕ್ಕೆ, ಅಲ್ಲಿಂದ ರೈಲಿನಲ್ಲಿ ಹರಿದ್ವಾರಕ್ಕೆ, ಆಮೇಲೆ ಅಲಕನಂದಾ ಪಕ್ಕದ ರಸ್ತೆಯಲ್ಲಿ ಇಡೀ ಹಗಲು ಸಾಗಿ ಜೋಶಿಮಠಕ್ಕೆ ಹೋದೆ. ಶಂಕರಾಚಾರ್ಯರ ನಾಲ್ಕು ಆಮ್ನಾಯ ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಇಲ್ಲಿಯ ಜ್ಯೋತಿರ್ಮಠ. ಇಲ್ಲಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇದೆ. 2023ರ ಜನವರಿಯಲ್ಲಿ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ನಿಲ್ಲಿಸಿದ್ದು, ನಾನು ಹೋದಾಗಲೂ ನಿಂತೇ ಇತ್ತು. ಹಾಗಾಗಿ ಊರಲ್ಲೇ ಒಂದು ಹೋಂಸ್ಟೇ ಹಿಡಿದು, ದಿನಾ ಬೆಳಗ್ಗೆ ಜೀಪಿನಲ್ಲಿ ಹತ್ತುವುದು, ಸಂಜೆ ಇಳಿಯುವುದು.

2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಇಳಿಜಾರು ಔಲಿಯದು. ಅಲ್ಲಿ ಸ್ಕೀ ಕಲಿಯುವವರೇ ಹೆಚ್ಚು. ಸ್ಕೀಯಲ್ಲಿ ಕಾಲಿಗೊಂದು ಪಟ್ಟಿ. ಸ್ನೋಬೋರ್ಡಿನಲ್ಲಿ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿಯುತ್ತಾರೆ. ತರಬೇತುದಾರ ಜೋಶಿಮಠದ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಮಾತಾಡುತ್ತಲೇ ಬೆನ್ನ ಹಿಂದೆ ಬಂದು ಮೆಲ್ಲಗೆ ತಳ್ಳಿದ. ಮುಗ್ಗರಿಸಿದಾಗ ಬಲಗಾಲು ಮುಂದೆ ಬಂತು. ‘ಸರ್, ನೀವು ಗೂಫಿ’ ಎಂದ. ಬೈದನೇನೋ ಅಂದುಕೊಂಡೆ. ಹಲಗೆಯ ಮೇಲೆ ಬಲಗಾಲು ಮುಂದಿಟ್ಟು ನಿಲ್ಲುವವರಿಗೆ ಆ ಆಟದಲ್ಲಿ ಅದೇ ಹೆಸರಂತೆ.

ಮೊದಲ ಪಾಠ ಬೀಳುವುದು. ಮುಂದಕ್ಕೆ ಬಿದ್ದರೆ ಅಂಗೈ ಊರಬಾರದು, ಮುಷ್ಟಿ ಕಟ್ಟಿ ಮುಂಗೈ ಮೇಲೆ ಬೀಳಬೇಕು. ಹಿಂದಕ್ಕೆ ಬಿದ್ದರೆ ಗದ್ದವನ್ನು ಎದೆಗೆ ಒತ್ತಿಕೊಂಡು ತಲೆ ಉಳಿಸಿಕೊಳ್ಳಬೇಕು. ನನ್ನದು ಬ್ಯಾಂಕಿಂಗ್ ಸಾಫ್ಟ್‌ವೇರ್ ಕೆಲಸ. ತಪ್ಪಾಗಬಾರದು ಎಂಬುದಕ್ಕೇ ಸಂಬಳ. ಮೂವತ್ತೈದು ದಾಟಿದ ಮೇಲೆ, ಎಂಟು ವರ್ಷದ ಮಕ್ಕಳು ಸರ್ರನೆ ಪಕ್ಕದಲ್ಲಿ ಜಾರಿಹೋಗುವಾಗ, ಬೀಳುವುದನ್ನೇ ಬೆಳಗಿಡೀ ಅಭ್ಯಾಸ ಮಾಡಿದೆ. 7,816 ಮೀಟರ್ ಎತ್ತರದ ನಂದಾದೇವಿಯನ್ನು ಕಣ್ತುಂಬ ನೋಡಿದ್ದು ಬೆನ್ನ ಮೇಲೆ ಮಲಗಿದ್ದಾಗಲೇ.

ಎರಡನೇ ದಿನ ಹಿಮ್ಮಡಿಯ ಕಡೆಯ ಅಂಚನ್ನು ಹಿಮಕ್ಕೆ ಒತ್ತಿ ನಿಧಾನ ಕೆಳಗಿಳಿಯುವುದು ಬಂತು. ಬಂತೆಂಬ ಜಂಬದಲ್ಲಿ ನೆಟ್ಟಗೆ ನಿಂತೆ. ಬೆರಳ ಕಡೆಯ ಅಂಚು ಹಿಮಕ್ಕೆ ಸಿಕ್ಕಿಕೊಂಡಿತು. ಕಲಿತದ್ದೆಲ್ಲ ಮರೆತು ಅಂಗೈ ಊರಿಯೇ ಬಿದ್ದೆ. ಮಣಿಕಟ್ಟು ಊದಿತು. ಕೀಬೋರ್ಡಿನಲ್ಲೇ ಅನ್ನ ಹುಟ್ಟಿಸುವವನಿಗೆ ಆ ಸಂಜೆ ಜೀಪಿನಲ್ಲಿ ಎಂಥ ಯೋಚನೆ ಬಂದಿರಬೇಡ! ಮೂಳೆ ಮುರಿದಿಲ್ಲ, ಉಳುಕಷ್ಟೆ ಎಂದು ಡಾಕ್ಟರು ಹೇಳಿ ಪಟ್ಟಿ ಕಟ್ಟಿದ ಮೇಲೆಯೇ ಹಸಿವು ಗೊತ್ತಾಗಿದ್ದು.

ಹೋಂಸ್ಟೇಯ ಆಂಟಿಗೆ ನನ್ನಮ್ಮನ ವಯಸ್ಸು. ಅವರ ಊಟದ ಕೋಣೆಯ ಗೋಡೆಯಲ್ಲಿ ಮೇಲಿಂದ ಕೆಳತನಕ ಒಂದು ಬಿರುಕು. ಸಿಮೆಂಟು ಮೆತ್ತಿದ್ದರೂ ಗೆರೆ ಕಾಣುತ್ತದೆ. ಹಳೆಯ ಭೂಕುಸಿತದ ಮಣ್ಣು–ಕಲ್ಲಿನ ಮೇಲೆ ಕೂತ ಊರಿದು, ಭಾರೀ ಕಟ್ಟಡ ಬೇಡ ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರಲ್ಲಿ ಅಪಾಯದ ಮನೆಗಳಿಗೆ ಕೆಂಪು ಬಣ್ಣದ ಗುರುತು ಹಾಕಿದರು. ನನ್ನ ತರಬೇತುದಾರನ ಮನೆಗೂ ಬಿತ್ತು. ಅವನ ಕುಟುಂಬ ಈಗ ಬಾಡಿಗೆಗಿದೆ. ಆಂಟಿಯ ಮನೆ ಉಳಿಯಿತು, ಅತಿಥಿಗಳು ಕಡಿಮೆಯಾದರು.

‘ಮ್ಯಾಗಿ ಮಾಡಲಾ, ಪನೀರ್ ಮಾಡಲಾ?’ ಎಂದರು. ಗೆಳೆಯನ ಮಾತು ನೆನಪಾಗಿ, ‘ನೀವು ಏನು ತಿಂತೀರೋ ಅದನ್ನೇ ಕೊಡಿ’ ಎಂದೆ. ‘ಬೇಡ ಬೇಟಾ, ಅದು ಬಡವರ ಊಟ. ಡೆಹ್ರಾಡೂನ್‌ನಲ್ಲಿರೋ ನನ್ನ ಮಕ್ಕಳೇ ಮುಟ್ಟಲ್ಲ’ ಎಂದು ಹಿಂಜರಿದರು. ನಾನೂ ಬಿಡಲಿಲ್ಲ.

ತಟ್ಟೆ ಬಂತು. ಕಂದು ಬಣ್ಣದ, ಹೊಗೆಯಾಡುವ ಒಂದು ಮುದ್ದೆ. ಪಕ್ಕದಲ್ಲಿ ಗಟ್ಟಿ ಸಾರು, ಮೇಲೆ ತುಪ್ಪ. ಅವರು ಅದಕ್ಕೆ ‘ಬಾಡಿ’ ಎಂದರು, ಸಾರಿಗೆ ‘ಫಾಣು’. ಮಂಡುವಾ ಹಿಟ್ಟನ್ನು ಕುದಿನೀರಲ್ಲಿ ತಿರುವಿದರೆ ಬಾಡಿ. ಗಹತ್ ಕಾಳನ್ನು ನೆನೆಸಿ ರುಬ್ಬಿ ಕುದಿಸಿದರೆ ಫಾಣು. ಮಂಡುವಾ ಅಂದರೆ ರಾಗಿ. ಗಹತ್ ಅಂದರೆ ಹುರಳಿ. ನಮ್ಮ ತಿಪಟೂರು ಕಡೆಯ ರಾಗಿಮುದ್ದೆ, ಹುರಳಿಸಾರು ಹಿಮದ ನಡುವೆ ನನ್ನ ಮುಂದಿತ್ತು. ‘ಚಳಿಗೆ ಗಹತ್ ಒಳ್ಳೇದು, ಮೈ ಬೆಚ್ಚಗಿಡುತ್ತೆ’ ಎಂದರು ಆಂಟಿ. ಹುರಳಿ ಉಷ್ಣ ಎಂದು ಅಮ್ಮ ಹೇಳುವುದೂ ಇದನ್ನೇ.

ಎಡಗೈಯಲ್ಲೇ ಮುರಿದು, ಸಾರಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ. ಆಂಟಿ ಬೆರಗಾಗಿ ನೋಡಿದರು. ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಪಟ್ಟಿ ಕಟ್ಟಿದ ಕೈಗಿಂತ ಮೊದಲು ತಟ್ಟೆ ನೋಡಿದಳು. ‘ಗಂಟು ಉಳಿದಿದೆ ಕಣೋ. ಮುದ್ದೆ ಕೋಲು ಇಲ್ವಂತಾ ಅವರಿಗೆ?’ ಎಂದಳು. ಅನುವಾದಿಸಿದೆ. ಆಂಟಿ ಒಳಗೆ ಓಡಿ ತಾವು ತಿರುವುವ ಸೌಟು ತಂದು ತೋರಿಸಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹತ್ತು ನಿಮಿಷ ಮಾತಾಡಿದರು.

ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ, ಕೈನೋವಿಗಷ್ಟೇ ಅಲ್ಲ. ಅಮ್ಮ ಕಳಿಸುವ ರಾಗಿಹಿಟ್ಟು ಕೋಲ್ಕತ್ತದ ನನ್ನ ಅಡುಗೆಮನೆಯಲ್ಲಿ ಸದಾ ಇರುತ್ತದೆ. ಆದರೆ ಮುದ್ದೆಯನ್ನು ಒಮ್ಮೆಯೂ ಆಫೀಸಿಗೆ ಒಯ್ದವನಲ್ಲ. ಎಂಟೆಕ್ ಹಾಸ್ಟೆಲಿನಲ್ಲಿ ಯಾರೋ ‘ಇದೇನು, ಮಣ್ಣಿನುಂಡೆಯಾ?’ ಎಂದು ನಕ್ಕಿದ್ದು ಇಷ್ಟು ವರ್ಷ ಒಳಗೇ ಕೂತಿತ್ತು. ಆಂಟಿ ಅತಿಥಿಗಳಿಂದ ಬಚ್ಚಿಟ್ಟಿದ್ದನ್ನೇ ನಾನೂ ಬಚ್ಚಿಟ್ಟಿದ್ದೆ. ಉತ್ತರಾಖಂಡದ ಮಂಡುವಾ, ಗಹತ್ ಎರಡಕ್ಕೂ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅತಿಥಿಯ ತಟ್ಟೆಗೆ ಬರಲು ಮಾತ್ರ ಅದಕ್ಕೆ ಇನ್ನೂ ಸಂಕೋಚ.

ಕೊನೆಯ ದಿನ, ಪಟ್ಟಿ ಕಟ್ಟಿದ ಕೈಯಲ್ಲೇ ಮಕ್ಕಳು ಕಲಿಯುವ ಚಿಕ್ಕ ಇಳಿಜಾರನ್ನು ಒಮ್ಮೆ ಬೀಳದೆ ಇಳಿದೆ. ನೀವು ಹೋಗುವುದಾದರೆ ಜನವರಿ ಕೊನೆ ಅಥವಾ ಫೆಬ್ರುವರಿ ನೋಡಿ. ಹಿಮ ಬಿದ್ದಿದೆಯೇ, ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ ಹೊರಡಿ. ಮಣಿಕಟ್ಟಿನ ಗಾರ್ಡ್ ಮರೆಯಬೇಡಿ. ಉಳಿಯುವ ಮನೆಯಲ್ಲಿ ಅವರು ಉಣ್ಣುವುದನ್ನೇ ಕೇಳಿ.

ಹೊರಡುವಾಗ ಆಂಟಿ ಎರಡು ಕಿಲೊ ಮಂಡುವಾ ಹಿಟ್ಟು ಕಟ್ಟಿಕೊಟ್ಟರು, ದುಡ್ಡು ಮುಟ್ಟಲಿಲ್ಲ. ಕೋಲ್ಕತ್ತಕ್ಕೆ ಬಂದ ಮೊದಲ ಸೋಮವಾರವೇ ಡಬ್ಬಿಯಲ್ಲಿ ಮುದ್ದೆ, ಸಾರು ಹಾಕಿಕೊಂಡು ಆಫೀಸಿಗೆ ಹೋದೆ. ಮಂಕಿ ಕ್ಯಾಪ್ ವಾಪಸ್ ಕೊಟ್ಟು ಡಬ್ಬಿ ತೆರೆದೆ. ಹಿರಿಯರು ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದರು.

‘ದಾದಾ, ಅಗಿಯಬೇಡಿ’ ಎಂದೆ, ‘ನುಂಗಿ.’