ಮಿತವ್ಯಯದಲ್ಲಿ ಮುಂಬಯಿ ದರ್ಶನ

ಮುಂಬಯಿಗೆ ಹೋಗಿ ಹಿಂದಿರುಗಿದ ನಮ್ಮವರನ್ನು ಕಂಡು "ಊರು ಹೇಗಿದೆ?" ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಊರು ಬಹಳ ದೊಡ್ಡದೆಂಬುದು ಒಂದು. ಕೈಯಲ್ಲಿದ್ದ ಹಣ ನೀರಿನಂತೆ ಹರಿದುಹೋಯಿತೆಂಬುದು ಇನ್ನೊಂದು. ನೋಡಿದ್ದೇನೆಂದು ಮುಂದುವರಿದು ಕೇಳಿದರೆ, ಒಂದು ಸಮುದ್ರತೀರ, ನಾಲ್ಕಾರು ಅಂಗಡಿಗಳು, ಅವುಗಳ ನಡುವೆ ಟ್ಯಾಕ್ಸಿಯ ಗಾಜಿನೊಳಗಿಂದ ಕಂಡ ಬೇರೆ ಟ್ಯಾಕ್ಸಿಗಳ ಬೆನ್ನು, ಇಷ್ಟೇ. ಹಣ ಹೋದುದಕ್ಕೆ ನಾವು ಅಷ್ಟಾಗಿ ಮರುಗಬೇಕಾಗಿಲ್ಲ. ಹಣವೂ ಹೋಗಿ ನೋಟವೂ ದಕ್ಕಲಿಲ್ಲವಲ್ಲಾ ಎಂಬುದೇ ಮರುಕದ ಸಂಗತಿ. ಮಹಾನಗರಗಳನ್ನು ಕಡಮೆ ಖರ್ಚಿನಲ್ಲಿ, ಆದರೆ ಚೆನ್ನಾಗಿ, ನೋಡುವುದು ಹೇಗೆ ಎಂಬುದನ್ನು ಮುಂಬಯಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಯಾವ ಪಟ್ಟಣಕ್ಕೇ ಹೋಗಲಿ, ಮೊದಲು ತಿಳಿಯಬೇಕಾದದ್ದು ಆ ಪಟ್ಟಣದ ಆಕಾರ. ಮುಂಬಯಿ ನಮ್ಮ ಬೆಂಗಳೂರಿನಂತೆ ನಾಲ್ಕು ದಿಕ್ಕಿಗೂ ಹರಡಿಕೊಂಡ ಊರಲ್ಲ. ಏಳು ದ್ವೀಪಗಳನ್ನು ಒಂದಕ್ಕೊಂದು ಸೇರಿಸಿ ನಿರ್ಮಿತವಾದ, ತೆಂಕಣಿಂದ ಬಡಗಣಕ್ಕೆ ಉದ್ದವಾಗಿ ಚಾಚಿಕೊಂಡ, ಅಗಲದಲ್ಲಿ ಕಿರಿದಾದ ಭೂಭಾಗವದು. ಆದಕಾರಣ ಅಲ್ಲಿ ದೂರವೆಂದರೆ ಬಹುಮಟ್ಟಿಗೆ ಉತ್ತರ ದಕ್ಷಿಣಗಳ ದೂರವೇ. ಆ ದೂರವನ್ನು ರೈಲ್ವೆಯಷ್ಟು ಬೇಗನೆಯೂ ಅಗ್ಗವಾಗಿಯೂ ದಾಟಿಸುವ ವಾಹನ ಮತ್ತೊಂದಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ ಗಾಡಿಯಿಂದ ಈ ದೇಶದ ರೈಲು ಪ್ರಯಾಣವೇ ಆರಂಭವಾಯಿತು. ಅಂದಿನಿಂದ ಆ ಊರು ಬೆಳೆದದ್ದೆಲ್ಲ ಹಳಿಗಳ ಎರಡು ಮಗ್ಗುಲಲ್ಲಿಯೇ ಎನ್ನಬಹುದು. ಚರ್ಚ್‌ಗೇಟಿನಿಂದ ಹೊರಡುವುದು ಪಶ್ಚಿಮ ಮಾರ್ಗ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಹೊರಡುವುವು ಮಧ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ದಾದರಿನಲ್ಲಿ ಒಂದನ್ನೊಂದು ಸಂಧಿಸುತ್ತವೆ. ಇಷ್ಟನ್ನು ಮನಸ್ಸಿನಲ್ಲಿ ಬರೆದುಕೊಂಡವನು ಮುಂಬಯಿಯಲ್ಲಿ ದಾರಿತಪ್ಪುವುದು ಕಷ್ಟ.

ಈ ಆಕಾರದಿಂದಲೇ ವಸತಿಯ ಪ್ರಶ್ನೆಯೂ ತೀರ್ಮಾನವಾಗುತ್ತದೆ. ದಕ್ಷಿಣದ ಕೋಟೆ ಪ್ರದೇಶದಲ್ಲಿ ಕೊಠಡಿಗಳು ತುಟ್ಟಿ. ಬಹು ದೂರದ ಉಪನಗರದಲ್ಲಿ ಅಗ್ಗವಾಗಿ ಇಳಿದುಕೊಂಡರೆ ದಿನಕ್ಕೆ ಮೂರು ನಾಲ್ಕು ಗಂಟೆಗಳು ಗಾಡಿಯಲ್ಲಿಯೇ ಕಳೆದುಹೋಗುತ್ತವೆ. ರೈಲ್ವೆ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯಲ್ಲಿ, ದಾದರ್ ಮಾತುಂಗಗಳ ಸುತ್ತುಮುತ್ತ ದೊರೆಯುವ ಸಾಧಾರಣ ವಸತಿಯೇ ಮಧ್ಯಮ ಮಾರ್ಗ. ಮಾತುಂಗದಲ್ಲಿ ಕನ್ನಡಿಗನಿಗೆ ಇನ್ನೂ ಒಂದು ಅನುಕೂಲವಿದೆ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ನು ಅಲ್ಲಿದೆ. ಸ್ಟೇಷನ್ನಿನ ಬಳಿ 1942ರಿಂದ ನಡೆದುಬಂದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳಿವೆ. ಪರಸ್ಥಳದಲ್ಲಿ ಸಾರು ಅನ್ನ ಸಿಕ್ಕಿತೆಂಬ ತೃಪ್ತಿಯ ಜೊತೆಗೆ ದೊಡ್ಡ ಹೋಟೆಲಿನ ಬೆಲೆಯೂ ತಪ್ಪಿದಂತಾಗುತ್ತದೆ.

ಇನ್ನು ರೈಲಿನ ವಿಚಾರ. ಎರಡನೆಯ ದರ್ಜೆಯ ಕನಿಷ್ಠ ದರ 2025ರಲ್ಲಿಯೂ 5 ರೂಪಾಯಿಯೇ ಆಗಿತ್ತು. ಅನೇಕ ಕಡೆ ಇಳಿದು ಹತ್ತಬೇಕೆಂಬವರಿಗಾಗಿ ಒಂದು, ಮೂರು ಅಥವಾ ಐದು ದಿನಗಳ ಪ್ರವಾಸಿ ಟಿಕೆಟ್ಟುಗಳನ್ನು ರೈಲ್ವೆಯವರು ಕೊಡುತ್ತಾರೆ. ಈ ವಿಷಯ ಬಹಳ ಮಂದಿಗೆ ತಿಳಿಯದು. ಆದರೆ ಇಲ್ಲಿಯೂ ಲೆಕ್ಕ ಹಾಕಿಯೇ ಕೊಳ್ಳಬೇಕು. ಬೆಳಗ್ಗೆ ಒಂದು ಸಲ ಹೋಗಿ ಸಂಜೆ ಒಂದು ಸಲ ಬರುವವನಿಗೆ ಬಿಡಿ ಟಿಕೆಟ್ಟೇ ಅಗ್ಗ. ದಿನಕ್ಕೆ ಐದಾರು ಸಲ ಹತ್ತಿ ಇಳಿಯುವವನಿಗೆ, ಅದಕ್ಕಿಂತ ಮಿಗಿಲಾಗಿ ಪ್ರತಿಯೊಂದು ಸ್ಟೇಷನ್ನಿನಲ್ಲಿಯೂ ಸಾಲಿನಲ್ಲಿ ನಿಲ್ಲಲೊಲ್ಲದವನಿಗೆ, ಪ್ರವಾಸಿ ಟಿಕೆಟ್ಟು ಒಳ್ಳೆಯದು.

ಹತ್ತುವ ಮುನ್ನ ಡಬ್ಬಿಯನ್ನು ನೋಡಿಕೊಳ್ಳುವುದು ಅವಶ್ಯ. ಪ್ರಥಮ ದರ್ಜೆಯ ಡಬ್ಬಿಯೂ ಎರಡನೆಯ ದರ್ಜೆಯ ಡಬ್ಬಿಯೂ ಒಂದೇ ಗಾಡಿಯಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ಹೊರಮೈಯಲ್ಲಿ ಬಳಿದ ಓರೆಪಟ್ಟೆಗಳೇ ಮೊದಲನೆಯದರ ಗುರುತು. ನಾವು ಮೊದಲ ಸಲ ಹೋದಾಗ "ಈ ಡಬ್ಬಿಯಲ್ಲಿ ಜನವೇ ಕಡಮೆ, ಎಂತಹ ಅದೃಷ್ಟ!" ಎಂದು ಹಿಗ್ಗಿ ಕುಳಿತೆವು. ಎರಡು ಸ್ಟೇಷನ್ನು ಕಳೆಯುವುದರೊಳಗಾಗಿ ಆ ಅದೃಷ್ಟದ ಬೆಲೆಯನ್ನು ದಂಡದ ರೂಪದಲ್ಲಿ ತೆರಬೇಕಾಯಿತು. ತಪ್ಪು ನಮ್ಮದೇ, ರಶೀದಿ ಬರೆದ ಅಧಿಕಾರಿ ಸೌಜನ್ಯದಿಂದಲೇ ನಡೆದುಕೊಂಡನು. ಅಂದು ವ್ಯರ್ಥವಾದ ಹಣದಲ್ಲಿ ಒಂದು ವಾರ ಆ ಊರನ್ನು ಸುತ್ತಬಹುದಾಗಿತ್ತು.

ಸಮಯದ ಆಯ್ಕೆ ಹಣದ ಆಯ್ಕೆಯಷ್ಟೇ ಮುಖ್ಯ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಪ್ರವಾಹವೆಲ್ಲ ದಕ್ಷಿಣಾಭಿಮುಖ. ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಾಭಿಮುಖ. ಪ್ರವಾಸಿಯಾದವನು ಈ ಪ್ರವಾಹಕ್ಕೆ ಎದುರಾಗಿ ಸಾಗಬೇಕು, ಇಲ್ಲವೆ ಅದು ಇಳಿಯುವವರೆಗೆ ಕಾಯಬೇಕು. ಬೆಳಗ್ಗೆ ಉತ್ತರದ ಸ್ಥಳಗಳನ್ನು ನೋಡಿ, ಹನ್ನೊಂದರ ಮೇಲೆ ದಕ್ಷಿಣಕ್ಕೆ ಬಂದರೆ ಕುಳಿತುಕೊಳ್ಳಲು ಸ್ಥಳವೂ ದೊರೆಯುತ್ತದೆ. ಭಾನುವಾರ ಜನ ಕಡಮೆಯೆಂಬುದು ನಿಜ. ಆದರೆ ಹಳಿಗಳ ದುರಸ್ತಿಗಾಗಿ ಮೆಗಾಬ್ಲಾಕ್ ಎಂಬ ಹೆಸರಿನಲ್ಲಿ ಗಾಡಿಗಳನ್ನು ನಿಲ್ಲಿಸುವುದೂ ಭಾನುವಾರವೇ. ಹಿಂದಿನ ದಿನದ ಪತ್ರಿಕೆಯನ್ನು ನೋಡಿ ಹೊರಡುವುದು ಲೇಸು.

ವಿಮಾನದಲ್ಲಿ ಬಂದಿಳಿಯುವವರಿಗೆ ಈಗ ಹೊಸದೊಂದು ಸೌಕರ್ಯ ಒದಗಿದೆ. ಮೂರನೆಯ ಮೆಟ್ರೋ ಮಾರ್ಗವು 2024ರ ಅಕ್ಟೋಬರಿನಿಂದ ಭಾಗಭಾಗವಾಗಿ ತೆರೆದು, 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೆ ಪೂರ್ಣವಾಯಿತು. ಸುಮಾರು 33 ಕಿಲೋಮೀಟರಿನ, 27 ಸ್ಟೇಷನ್ನುಗಳ ಈ ಮಾರ್ಗ ವಿಮಾನ ನಿಲ್ದಾಣದ ಎರಡು ಕಟ್ಟಡಗಳನ್ನೂ, ಸಿದ್ಧಿವಿನಾಯಕ, ದಾದರ್, ಚರ್ಚ್‌ಗೇಟ್ ಮುಂತಾದ ಸ್ಥಳಗಳನ್ನೂ ನೆಲದಡಿಯಿಂದಲೇ ಜೋಡಿಸುತ್ತದೆ. ಪೂರ್ಣವಾದ ವರ್ಷದಲ್ಲಿ ಇದರ ಅತಿ ಹೆಚ್ಚಿನ ದರ 70 ರೂಪಾಯಿ. ಅದೇ ದೂರಕ್ಕೆ ಟ್ಯಾಕ್ಸಿಯವನಿಗೆ ಕೊಡಬೇಕಾದುದನ್ನು ಇದರೊಡನೆ ಹೋಲಿಸುವುದೇ ಬೇಡ.

ಬಸ್ಸುಗಳನ್ನು ಬೆಸ್ಟ್ ಸಂಸ್ಥೆಯವರು 1926ರ ಜುಲೈ 15ರಿಂದ ನಡೆಸುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಅವುಗಳ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು. ಇಲ್ಲೊಂದು ಸಣ್ಣ ಗಣಿತವನ್ನು ಶ್ರೋತೃಗಳು ಗಮನಿಸಬೇಕು. ಅದೇ ವರ್ಷದ ಫೆಬ್ರವರಿಯಿಂದ ಕಪ್ಪು ಹಳದಿ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ ಗೊತ್ತಾಯಿತು. ನಾಲ್ವರು ಆ ದೂರವನ್ನು ಬಸ್ಸಿನಲ್ಲಿ ಹೋದರೆ 40 ರೂಪಾಯಿ; ಟ್ಯಾಕ್ಸಿಯಲ್ಲಾದರೆ 31. ಒಬ್ಬಂಟಿಗನಿಗೆ ದುಂದುವೆಚ್ಚವಾದುದು ಸಂಸಾರಸ್ಥನಿಗೆ ಉಳಿತಾಯವಾಗಬಹುದು! ಉದ್ದದ ದೂರಕ್ಕೆ ರೈಲು, ನಡುವಣ ದೂರಕ್ಕೆ ಬಸ್ಸು, ಸ್ಟೇಷನ್ನಿನಿಂದಾಚೆಯ ಅಲ್ಪ ದೂರಕ್ಕೆ ನಾಲ್ವರು ಕೂಡಿ ಮೀಟರಿನ ಟ್ಯಾಕ್ಸಿ, ಇದೇ ನಮ್ಮ ಸೂತ್ರ. ಮಾಹಿಮ್ ಮತ್ತು ಸಾಯನ್‌ಗಳಿಂದ ದಕ್ಷಿಣಕ್ಕೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಹಣವೇ ಬೇಡದ ವಾಹನವೊಂದಿದೆ. ಅದು ನಮ್ಮ ಕಾಲು. ಮುಂಬಯಿಯ ಅತ್ಯುತ್ತಮ ನೋಟಗಳು ಈ ವಾಹನಕ್ಕೇ ಮೀಸಲಾಗಿವೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಎದುರು ನಿಂತು ಆರಂಭಿಸಬೇಕು. ಸ್ಟೀವನ್ಸ್ ಎಂಬ ಶಿಲ್ಪಿ 1878ರಿಂದ ಹತ್ತು ವರ್ಷ ಕಟ್ಟಿಸಿದ ಈ ಮಹಾಸೌಧವು 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗಾಡಿ ಹಿಡಿಯಲು ಓಡುವವರಲ್ಲಿ ತಲೆಯೆತ್ತಿ ಅದರ ಕಲ್ಲಿನ ನವಿಲು, ಹೂಬಳ್ಳಿಗಳನ್ನು ನೋಡುವವರು ವಿರಳ. ಅಲ್ಲಿಂದ ತೆಂಕಣಕ್ಕೆ ನಡೆದರೆ 1864ರ ಫ್ಲೋರಾ ಕಾರಂಜಿ. ಅದರ ಬಳಿಯಲ್ಲಿಯೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದವರ ಸ್ಮಾರಕವಾದ ಹುತಾತ್ಮ ಚೌಕ. ಮುಂದೆ ಓವಲ್ ಮೈದಾನ. ಅದರ ಒಂದು ಮಗ್ಗುಲಲ್ಲಿ ಹೈಕೋರ್ಟು, ವಿಶ್ವವಿದ್ಯಾನಿಲಯ, 1878ರಲ್ಲಿ ಮುಗಿದ ರಾಜಾಬಾಯಿ ಗೋಪುರ; ಪ್ರೇಮಚಂದ ರಾಯಚಂದನೆಂಬ ವರ್ತಕ ಹಣಕೊಟ್ಟು ತನ್ನ ತಾಯಿಯ ಹೆಸರನ್ನು ಅದಕ್ಕಿಡಿಸಿದನು. ಇನ್ನೊಂದು ಮಗ್ಗುಲಲ್ಲಿ ಇಪ್ಪತ್ತನೆಯ ಶತಮಾನದ ಆರ್ಟ್ ಡೆಕೋ ರೀತಿಯ ಮನೆಗಳ ಸಾಲು. ಎರಡು ಶತಮಾನಗಳು ಒಂದು ಹುಲ್ಲುಗಾವಲಿನ ಎರಡು ಕಡೆ ನಿಂತು ಪರಸ್ಪರ ನೋಡುತ್ತಿರುವ ಈ ದೃಶ್ಯವೂ 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಅನಂತರ ಜಹಾಂಗೀರ್ ಕಲಾಶಾಲೆ. ಅಲ್ಲಿ ಚಿತ್ರಗಳನ್ನು ನೋಡಲು ಶುಲ್ಕವಿಲ್ಲ. ಅದರ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಲ್ಕವುಂಟು. ಆದರೆ ಅರ್ಧ ದಿನವನ್ನು ಕೊಡಬಲ್ಲವನಿಗೆ ಅದು ನಷ್ಟವಲ್ಲ. ಕೊನೆಯಲ್ಲಿ, 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾ. ಚಕ್ರವರ್ತಿಯ ಆಗಮನದ ಸ್ಮಾರಕವಾಗಿ ಎತ್ತಿದ ಈ ಕಮಾನಿನ ಮೂಲಕವೇ 1948ರ ಫೆಬ್ರವರಿ 28ರಂದು ಕಡೆಯ ಬ್ರಿಟಿಷ್ ಸೈನ್ಯ ಹಡಗು ಹತ್ತಿ ಹೊರಟುಹೋಯಿತು. ಇಷ್ಟೆಲ್ಲಕ್ಕೂ ಒಟ್ಟು ನಡಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚಲ್ಲ. ವೆಚ್ಚ ಒಂದು ಎಳನೀರಿನದು.

ಶುಲ್ಕವಿಲ್ಲದ ಸ್ಥಳಗಳಲ್ಲಿ ಇನ್ನೊಂದನ್ನು ಬಿಡಕೂಡದು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಮಣಿಭವನವೇ ಅದು. 1917ರಿಂದ 1934ರವರೆಗೆ ಗಾಂಧೀಜಿಯವರು ಮುಂಬಯಿಗೆ ಬಂದಾಗ ಇಳಿಯುತ್ತಿದ್ದ ಮನೆ. ಅಲ್ಲಿಂದ ಸಂಜೆಗೆ ಚೌಪಾಟಿಗೆ ಇಳಿದು, ಕಡಲ ದಂಡೆಯ ಮರೀನ್ ಡ್ರೈವಿನ ಮೇಲೆ ಕುಳಿತರೆ ಸೂರ್ಯಾಸ್ತಮಾನಕ್ಕೆ ಯಾರೂ ಟಿಕೆಟ್ಟು ಕೇಳುವುದಿಲ್ಲ.

ಗುಹೆಗಳಲ್ಲಿ ಎಲಿಫೆಂಟಾ ಪ್ರಸಿದ್ಧ. ಗೇಟ್‌ವೇ ಬಳಿಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ, ಸೋಮವಾರ ರಜ. ಅಲ್ಲಿಯ ಮೂರು ಮುಖದ ಸದಾಶಿವನನ್ನು ಕಂಡವರಿಗೆ 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆ ನೆನಪಾಗದಿರದು. ಆದರೆ ಕನ್ನಡಿಗರು ಮರೆತಿರುವ ಗುಹೆಗಳು ಕಾಣ್ಹೇರಿಯವು. ಬೋರಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ರಾಷ್ಟ್ರೀಯ ಉದ್ಯಾನದೊಳಗೆ ನೂರಕ್ಕೆ ಮೇಲ್ಪಟ್ಟ ಬೌದ್ಧ ಗುಹೆಗಳು ಬೆಟ್ಟವನ್ನೆಲ್ಲ ಜೇನುಗೂಡಿನಂತೆ ತುಂಬಿವೆ. ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಲ್ಲಿ ಕಾಣುವ ಸಾರ್ವಭೌಮನ ಹೆಸರು ನಮ್ಮ ಅಮೋಘವರ್ಷನದು, ಎಂದರೆ ಕವಿರಾಜಮಾರ್ಗದ ನೃಪತುಂಗನದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಪುಸ್ತಕದಲ್ಲಿ ಓದಿದವರು, ಆ ದೊರೆಯ ಆಜ್ಞೆ ನಡೆದಿದ್ದ ಬಂಡೆಯನ್ನು ರೈಲಿನ ಅಗ್ಗದ ಟಿಕೆಟ್ಟಿನಲ್ಲಿ ಹೋಗಿ ಮುಟ್ಟಿ ಬರಬಹುದು. ಇಲ್ಲಿಗೂ ಸೋಮವಾರ ಹೋಗಬಾರದು. ಬಾಗಿಲು ಮುಚ್ಚಿದ ಸ್ಥಳಕ್ಕೆ ಹೋದ ಪ್ರಯಾಣಕ್ಕಿಂತ ತುಟ್ಟಿಯಾದ ಪ್ರಯಾಣ ಬೇರೊಂದಿಲ್ಲ.

ಇಷ್ಟು ಹೇಳಿದ ಮೇಲೆ ಉಳಿತಾಯದ ಎಲ್ಲೆಯನ್ನೂ ಹೇಳದಿದ್ದರೆ ನಮ್ಮ ಮಾತು ಅಪಾಯಕಾರಿಯಾದೀತು. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ಬಳಿ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಯ ಮೇಲೆ ಬಿದ್ದು ಹಲವರು ಪ್ರಾಣವನ್ನು ಕಳೆದುಕೊಂಡರು. ಅವರು ಹೊಟ್ಟೆಪಾಡಿಗಾಗಿ ಹೊರಟವರು. ಮುಂದಿನ ಗಾಡಿಗೆ ಕಾಯುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಪ್ರವಾಸಿಗೆ ಆ ಸ್ವಾತಂತ್ರ್ಯವುಂಟು. ತುಂಬಿದ ಗಾಡಿಯನ್ನು ಬಿಟ್ಟುಬಿಡಬೇಕು. ನಿಲ್ಲುವ ಮೊದಲು ಹತ್ತಬಾರದು. ಹಳಿಗಳನ್ನು ಮೇಲುಸೇತುವೆಯಿಂದಲ್ಲದೆ ದಾಟಬಾರದು. ಸಂಜೆಯ ಸಂದಣಿಯಲ್ಲಿ ಪ್ರವಾಸಿಯೊಬ್ಬನು ಆಕ್ರಮಿಸಿದ ಜಾಗ, ದಿನವೆಲ್ಲ ದುಡಿದು ಮನೆಗೆ ಹೊರಟವನೊಬ್ಬನ ಜಾಗವೆಂಬುದೂ ನಮ್ಮ ನೆನಪಿನಲ್ಲಿರಬೇಕು.

ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ. ಟ್ಯಾಕ್ಸಿಯ ಹಣವನ್ನು ಉಳಿಸುವ ಉತ್ಸಾಹದಲ್ಲಿ ನಾವು ಅವರನ್ನು ದಾದರಿನ ಸೇತುವೆಯ ಮೆಟ್ಟಿಲುಗಳ ಮೇಲೆ, ಸಂಜೆ ಆರರ ಜನಸಮುದ್ರದಲ್ಲಿ ನಡೆಸಿದೆವು. ಸೇತುವೆಯಿಂದ ಇಳಿದ ಮೇಲೆ ಅವರು ಬೆಂಚಿನ ಮೇಲೆ ಕುಳಿತು, "ನೀವು ಹೋಗಿಬನ್ನಿ, ನಾನು ಇಲ್ಲಿಯೇ ಇರುತ್ತೇನೆ" ಎಂದರು. ಕೊಠಡಿಗೆ ಹಿಂದಿರುಗಿದೆವು. ಮರುದಿನ ನಮ್ಮ ಗಾಡಿ. ಆ ಸೂರ್ಯಾಸ್ತ ಅವರಿಗೆ ದೊರೆಯಲಿಲ್ಲ. ಅಂದು ಉಳಿದ ಹಣವೆಷ್ಟೆಂಬುದು ನಮಗೀಗ ನೆನಪಿಲ್ಲ. ಅವರು ಬೆಂಚಿನ ಮೇಲೆ ಕುಳಿತದ್ದು ನೆನಪಿದೆ.

ನಮ್ಮ ಕಾಲಿನ ಶ್ರಮದಿಂದ ಉಳಿಸಿದುದು ಮಿತವ್ಯಯ. ಜೊತೆಗಿರುವವರ ಶ್ರಮದಿಂದ ಉಳಿಸಿದುದು ಲೋಭ. ಬೆಳಗ್ಗೆಯೆಲ್ಲ ರೈಲಿನಲ್ಲಿ, ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಉಳಿಸಿದ ಹಣ, ಸಂಜೆ ದಣಿದವರನ್ನು ಟ್ಯಾಕ್ಸಿಯಲ್ಲಿ ಕೂರಿಸಿ ಕಡಲ ದಂಡೆಗೆ ಕರೆದೊಯ್ಯಲು ಒದಗಿದರೆ ಆ ಉಳಿತಾಯ ಸಾರ್ಥಕ. ಮುಂಬಯಿಗೆ ಹೊರಡಲಿರುವ ಶ್ರೋತೃಗಳು ತಮ್ಮ ಲೆಕ್ಕದ ಪುಸ್ತಕದಲ್ಲಿ ಅಷ್ಟು ಹಣವನ್ನು ಮೊದಲೇ ಬೇರೆಯಾಗಿ ತೆಗೆದಿಟ್ಟುಕೊಂಡು ಹೊರಡಬೇಕೆಂಬುದು ನಮ್ಮ ವಿಜ್ಞಾಪನೆ.