ಶ್ವಾಸಕೋಶದ ಕಾವಲುಗಾರರಿಗೆ ಮಸಿಯ ಕಾಟ

ಮುಂಬಯಿ: ಚಳಿಗಾಲದಲ್ಲಿ ಕಡಲಗಾಳಿ ಕುಂದಿದಾಗ ಮಲಾಡಿನ ವಾಹನಗಳ ಹೊಗೆ, ಕಟ್ಟಡ ಕಾಮಗಾರಿಗಳ ಧೂಳು ನೆಲದ ಸಮೀಪವೇ ಉಳಿಯುತ್ತವೆ. ಅದರಲ್ಲಿನ 2.5 ಮೈಕ್ರಾನಿಗಿಂತ ಕಿರಿದಾದ ಕಣಗಳು ಮೂಗಿನ ತಡೆಯನ್ನು ದಾಟಿ ಶ್ವಾಸಕೋಶದ ಗಾಳಿಚೀಲಗಳನ್ನು ಸೇರುತ್ತವೆ. ಇವುಗಳ ವಾರ್ಷಿಕ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ 2009ರ ಮಾನಕವಾದರೋ 40!

ಗಾಳಿಚೀಲಗಳಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ರೋಗಾಣುಗಳನ್ನು ನುಂಗಿ ಅರಗಿಸಬಲ್ಲವು. ಡೀಸೆಲ್ ಮಸಿಯ ಇಂಗಾಲವನ್ನು ಮಾತ್ರ ನುಂಗಿದರೂ ಅರಗಿಸಲಾರವು. ಆಗ ಅವು ಸೈಟೊಕೈನ್ ಎಂಬ ಸಂಕೇತದ್ರವ್ಯಗಳನ್ನು ಸ್ರವಿಸುತ್ತವೆ. ಆ ಕರೆಗೆ ಓಗೊಟ್ಟು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಧಾವಿಸುತ್ತವೆ. ಅವು ಸೂಸುವ ಕಿಣ್ವಗಳು ಶತ್ರುವಿನೊಡನೆ ಸ್ವಂತ ಅಂಗಾಂಶವನ್ನೂ ಘಾಸಿಗೊಳಿಸುತ್ತವೆ. ಇದೇ ಉರಿಯೂತ. ಅಷ್ಟೇ ಅಲ್ಲ, ಮಸಿ ತುಂಬಿದ ಕೋಶಗಳಿಗೆ ಕ್ಷಯದ ಬ್ಯಾಕ್ಟೀರಿಯಾವನ್ನು ಎದುರಿಸುವ ಶಕ್ತಿ ಕುಗ್ಗುವುದನ್ನು ಪ್ರಯೋಗಗಳು ತೋರಿವೆ. ಕ್ಷಯ ಇನ್ನೂ ನೀಗದ ಮುಂಬಯಿಗೆ ಇದು ಸಣ್ಣ ಮಾತಲ್ಲ.